ಪದ ಪರಿಚಯ: ಡ್ಯುಯಲ್ ಕೋಡ್

ಡ್ಯುಯಲ್ ಕೋಡ್ ಎಂಬ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ನನ್ನ ಕಣ್ಣ ಮುಂದೆ ಬಂದದ್ದು ಎರಡು ಕೋಡು. ಯಾರಾದರೂ ಸ್ವಲ್ಪ ಜಂಬ ತೋರಿಸಿದರೆ 'ನಿನಗೇನು ಕೋಡು ಮೂಡಿದೆಯಾ' ಎಂದು ನಮ್ಮ ಮನೆಗಳಲ್ಲಿ ಕೇಳುವುದುಂಟಲ್ಲ, ಆ ಕೋಡು. ರಗ್ಬಿ ಆಟಗಾರರ ಪರಿಚಯ ಬರೆಯುವವರು ಈ ಪದವನ್ನು ಒಂದು ಬಿರುದಿನಂತೆಯೇ ಹೆಸರಿನ ಪಕ್ಕ ಇಡುತ್ತಾರೆ, ಹಾಗಾಗಿ ನನ್ನ ತಪ್ಪುಕಲ್ಪನೆ ತೀರಾ ದೂರದ್ದೂ ಆಗಿರಲಿಲ್ಲ. ಆದರೆ ಈ ಬಿರುದಿಗೆ ಮೊದಲು ತಕ್ಕವರಾದವರ ಕಾಲದಲ್ಲಿ ಇದು ಬಿರುದಾಗಿರಲಿಲ್ಲ, ಬಹಿಷ್ಕಾರವಾಗಿತ್ತು. ಪದದ ಅರ್ಥ ತಿಳಿಯಬೇಕಾದರೆ ಅಲ್ಲಿಗೆ ಹೋಗಬೇಕು.

ಮೊದಲು ಕೋಡ್. ಇದು ಗುಪ್ತಲಿಪಿಯ ಕೋಡ್ ಅಲ್ಲ, ಕಂಪ್ಯೂಟರಿನದ್ದೂ ಅಲ್ಲ. ಚುನಾವಣೆ ಬಂದಾಗ 'ನೀತಿ ಸಂಹಿತೆ ಜಾರಿಯಾಯಿತು' ಎನ್ನುತ್ತೇವಲ್ಲ, ಆ ಸಂಹಿತೆ. ಅಂದರೆ ಕಟ್ಟಳೆಗಳ ಒಂದು ಕಂತೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಎಂಬ ಹೆಸರಿನಲ್ಲಿ ಒಂದೊಂದು ಶಾಲೆ ಒಂದೊಂದು ಬಗೆಯಲ್ಲಿ ಆಡುತ್ತಿತ್ತು. ಒಂದು ಕಡೆ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಇನ್ನೊಂದು ಕಡೆ ಹಾಗೆ ಮಾಡಿದರೆ ಆಟದಿಂದ ಆಚೆ. ಒಂದೊಂದು ಕಟ್ಟಳೆಯ ಕಂತೆಯೂ ಒಂದು ಕೋಡ್. ಆಸ್ಟ್ರೇಲಿಯಾದವರು ಇವತ್ತಿಗೂ ತಮ್ಮಲ್ಲಿ ಫುಟ್‌ಬಾಲಿನ ನಾಲ್ಕು ಕೋಡ್‌ಗಳಿವೆ ಎನ್ನುವುದು ಇದೇ ಅರ್ಥದಲ್ಲಿ. ರಗ್ಬಿಯ ಮಟ್ಟಿಗೆ ಕೋಡ್‌ಗಳು ಎರಡು: ಯೂನಿಯನ್ ಮತ್ತು ಲೀಗ್. ಎರಡನ್ನೂ ಆಡಿದವನು ಡ್ಯುಯಲ್ ಕೋಡ್ ಆಟಗಾರ. ಎರಡರಲ್ಲೂ ದೇಶದ ತಂಡಕ್ಕೆ ಆಡಿದವನು ಡ್ಯುಯಲ್ ಕೋಡ್ ಇಂಟರ್‌ನ್ಯಾಷನಲ್. ಈ ಎರಡು ಮಾತುಗಳ ನಡುವಿನ ಅಂತರ ಮುಂದೆ ಬೇಕಾಗುತ್ತದೆ.

ಇಂದಿನ ಯೂನಿಯನ್‌ನಲ್ಲಿ ತಂಡಕ್ಕೆ 15 ಜನ, ಲೀಗ್‌ನಲ್ಲಿ 13. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ. ಯೂನಿಯನ್‌ನಲ್ಲಿ ಒಂದು ಟ್ರೈಗೆ 5 ಅಂಕ, ಲೀಗ್‌ನಲ್ಲಿ 4. ಚೆಂಡು ಹಿಡಿದವನನ್ನು ಕೆಡವಿದ ಮೇಲೆ ಯೂನಿಯನ್‌ನಲ್ಲಿ ಅದಕ್ಕಾಗಿ ಎರಡೂ ಕಡೆಯವರು ತಳ್ಳಾಡಬಹುದು. ಲೀಗ್‌ನಲ್ಲಿ ಬಿದ್ದವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸುತ್ತಾನೆ. ಹೀಗೆ ಆರು ಸಲ ಕೆಡವಿಸಿಕೊಂಡರೆ ಚೆಂಡು ಎದುರಾಳಿಯದ್ದು. ಕಬಡ್ಡಿ ನೋಡಿ ಬೆಳೆದವರಿಗೆ ಎರಡರಲ್ಲಿ ಲೀಗ್ ಬೇಗ ಒಗ್ಗುತ್ತದೆ ಎಂಬುದು ನನ್ನ ಅನಿಸಿಕೆ.

ವಿಚಿತ್ರವೆಂದರೆ, ಎರಡು ಕೋಡ್ ಬೇರೆಯಾದ ದಿನ ಇವುಗಳಲ್ಲಿ ಒಂದು ವ್ಯತ್ಯಾಸವೂ ಇರಲಿಲ್ಲ. ಆಟ ಅದೇ, ಚೆಂಡು ಅದೇ, ಹದಿನೈದು ಜನ ಅವರೇ. ಜಗಳ ಆಟದ ಬಗೆಗಲ್ಲ, ಕೂಲಿಯ ಬಗೆಗೆ.

ಇದನ್ನು ಒಬ್ಬ ಮನುಷ್ಯನ ಬದುಕಿನಲ್ಲಿ ನೋಡುವುದು ಸುಲಭ. ರಿಚರ್ಡ್ ಲಾಕ್‌ವುಡ್, ಎಲ್ಲರ ಬಾಯಲ್ಲಿ ಡಿಕಿ. ಹುಟ್ಟಿದ್ದು 1867ರಲ್ಲಿ, ಯಾರ್ಕ್‌ಶೈರಿನ ವೇಕ್‌ಫೀಲ್ಡ್ ಪಕ್ಕದ ಕ್ರಿಗಲ್‌ಸ್ಟನ್ ಎಂಬ ಹಳ್ಳಿಯಲ್ಲಿ. ಕೂಲಿಕಾರರ ಮನೆ. ಕಲ್ಲಿದ್ದಲ ಗಣಿ ಮತ್ತು ಉಣ್ಣೆ ಗಿರಣಿಗಳ ಸೀಮೆ ಅದು. ಹದಿನಾರರ ವಯಸ್ಸಿಗೆ ಡ್ಯೂಸ್‌ಬರಿ ತಂಡದಲ್ಲಿ ಆಡತೊಡಗಿದ. ಆಳು ಐದೂವರೆ ಅಡಿಯೂ ಇಲ್ಲ. ಆದರೆ ದೊಡ್ಡ ದೇಹದವರ ನಡುವೆ ನುಸುಳಿ ಓಡುವುದರಲ್ಲಿ, ಚೆಂಡು ಒದೆಯುವುದರಲ್ಲಿ, ತನಗಿಂತ ಒಂದೂವರೆ ಪಟ್ಟು ತೂಕದವನನ್ನು ಹಿಡಿದು ಕೆಡವುವುದರಲ್ಲಿ ಅವನನ್ನು ಮೀರಿಸುವವರು ಆ ಸೀಮೆಯಲ್ಲಿ ಕಡಿಮೆ. 'ಪುಟ್ಟ ಡಿಕ್, ಜಗದ ಅಚ್ಚರಿ' ಎಂಬ ಅರ್ಥದ ಅಡ್ಡಹೆಸರು ಅಂಟಿಕೊಂಡಿತು. ಹತ್ತೊಂಬತ್ತಕ್ಕೆ, 1887ರ ಜನವರಿಯಲ್ಲಿ, ಇಂಗ್ಲೆಂಡ್ ತಂಡಕ್ಕೆ ಆಯ್ಕೆಯಾದ. ವೇಲ್ಸ್ ವಿರುದ್ಧ ಲಾನೆಲಿಯಲ್ಲಿ ನಡೆದ ಆ ಪಂದ್ಯದಲ್ಲಿ ಮೈದಾನ ಹೆಪ್ಪುಗಟ್ಟಿ, ಪಕ್ಕದ ಕ್ರಿಕೆಟ್ ಬಯಲಿಗೆ ಆಟವನ್ನು ಸ್ಥಳಾಂತರಿಸಬೇಕಾಯಿತು. ಒಂದು ಅಂಕವೂ ಬಾರದೆ ಪಂದ್ಯ ಮುಗಿಯಿತು.

ಇಂಗ್ಲೆಂಡಿಗೆ ಆತ ಒಟ್ಟು 14 ಪಂದ್ಯ ಆಡಿದ. 1892ರಲ್ಲಿ ಇಂಗ್ಲೆಂಡ್ ವೇಲ್ಸ್, ಸ್ಕಾಟ್ಲೆಂಡ್, ಐರ್ಲೆಂಡ್ ಈ ಮೂರೂ ನೆರೆದೇಶಗಳನ್ನು ಸೋಲಿಸಿತು, ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ. ಆ ತಂಡದಲ್ಲಿ ಲಾಕ್‌ವುಡ್ ಇದ್ದ. 1894ರಲ್ಲಿ ತಂಡದ ನಾಯಕನೂ ಆದ. ವಕೀಲರು, ವೈದ್ಯರು, ಆಕ್ಸ್‌ಫರ್ಡ್ ಕೇಂಬ್ರಿಡ್ಜ್ ಪದವೀಧರರು ತುಂಬಿದ್ದ ಆಟದಲ್ಲಿ ಕೂಲಿಯವನ ಮಗ ನಾಯಕನಾಗುವುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಆದರೆ ಕೂಲಿಯವನಿಗೆ ಒಂದು ತೊಡಕಿತ್ತು. ಪಂದ್ಯ ಶನಿವಾರ. ಗಿರಣಿಗಳಿಗೆ ಶನಿವಾರ ಮಧ್ಯಾಹ್ನದ ಮೇಲೆ ಬಿಡುವು, ಬೆಳಗ್ಗೆ ಕೆಲಸ. ಪಕ್ಕದ ಊರಿನ ಪಂದ್ಯವಾದರೆ ಹೇಗೋ ಆದೀತು. ದೂರದ ಊರಿಗೆ ರೈಲು ಹಿಡಿಯಬೇಕಾದರೆ ಬೆಳಗಿನ ಕೂಲಿ ಹೋಯಿತು, ಡಬ್ಲಿನ್‌ಗೋ ಎಡಿನ್‌ಬರೋಗೋ ಹೋಗಬೇಕಾದರೆ ಎರಡು ಮೂರು ದಿನದ್ದು ಹೋಯಿತು. ಹೀಗೆ ಆಟದಿಂದ ತಪ್ಪಿದ ಕೂಲಿಗೆ ಇಂಗ್ಲಿಷಿನಲ್ಲಿ ಬ್ರೋಕನ್ ಟೈಮ್ ಎನ್ನುತ್ತಿದ್ದರು. ಕನ್ನಡದಲ್ಲಿ 'ತಪ್ಪಿದ ಕೂಲಿ' ಎಂದರೆ ಸಾಕು, ಬೇರೆ ವಿವರಣೆ ಬೇಡ. ಪಂದ್ಯ ನೋಡಲು ಸಾವಿರಾರು ಜನ ಬಾಗಿಲಲ್ಲಿ ದುಡ್ಡು ಕೊಟ್ಟು ಒಳಗೆ ಬರುತ್ತಿದ್ದರು. ಆ ದುಡ್ಡಿನಲ್ಲಿ ಆಟಗಾರನ ತಪ್ಪಿದ ಕೂಲಿಯನ್ನಾದರೂ ತುಂಬಿಕೊಡೋಣ ಎಂದು ಉತ್ತರದ ಕ್ಲಬ್ಬುಗಳು ಕೇಳಿದವು.

ಆಟವನ್ನು ಆಳುತ್ತಿದ್ದ ರಗ್ಬಿ ಫುಟ್‌ಬಾಲ್ ಯೂನಿಯನ್ನಿಗೆ ಇದು ಅಪಚಾರವಾಗಿ ಕಂಡಿತು. ಆಟಕ್ಕೆ ಒಂದು ಪೆನ್ನಿ ಮುಟ್ಟಿದರೂ ಅವನು ವೃತ್ತಿಪರ, ವೃತ್ತಿಪರನಿಗೆ ಇಲ್ಲಿ ಜಾಗವಿಲ್ಲ. ಕೂಲಿ ಬಿಟ್ಟು ಬರಲಾಗದವನು ಆಡದಿದ್ದರಾಯಿತು ಎಂಬ ಧಾಟಿಯಲ್ಲೇ ಕೆಲವರು ವಾದಿಸಿದರು. 1889ರಲ್ಲಿ ಲಾಕ್‌ವುಡ್ ಡ್ಯೂಸ್‌ಬರಿ ಬಿಟ್ಟು ಹೆಕ್‌ಮಂಡ್‌ವೈಕ್ ತಂಡ ಸೇರಿದಾಗ, ಹಣ ಪಡೆದೇ ಹೋಗಿದ್ದಾನೆ ಎಂದು ಅವನ ಮೇಲೆ ದೂರು ಬಂತು. ಯಾರ್ಕ್‌ಶೈರ್ ಸಂಸ್ಥೆ ವಿಚಾರಣೆ ನಡೆಸಿತು, ಆರೋಪ ನಿಲ್ಲಲಿಲ್ಲ.

1893ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಮಹಾಸಭೆಯಲ್ಲಿ ತಪ್ಪಿದ ಕೂಲಿಯ ಪ್ರಸ್ತಾಪವನ್ನು ಯಾರ್ಕ್‌ಶೈರಿನವರು ಮಂಡಿಸಿದರು. 136 ಮತ ಪರ, 282 ವಿರೋಧ. ಎರಡು ವರ್ಷ ಹೇಗೋ ಎಳೆದಾಡಿ, 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸೇರಿ ಬೇರೆ ಮನೆ ಮಾಡಿದವು. 22 ಕ್ಲಬ್ಬುಗಳ ಹೊಸ ಸಂಸ್ಥೆಗೆ ನಾರ್ದರ್ನ್ ಯೂನಿಯನ್ ಎಂದು ಹೆಸರು. ಹೆಸರಿನಲ್ಲಿ ಯೂನಿಯನ್ ಇದ್ದರೂ ಮುಂದೆ ಲೀಗ್ ಆದದ್ದು ಇದೇ. ಬರೀ ಯೂನಿಯನ್ ಎಂದರೆ ಹಳೆಯ ಮನೆ. ತಪ್ಪಿದ ಕೂಲಿಗೆ ದಿನಕ್ಕೆ ಹೆಚ್ಚೆಂದರೆ ಆರು ಷಿಲಿಂಗ್ ಎಂದು ಗೊತ್ತುಮಾಡಿದರು. ಗಮನಿಸಿ, ಅವರು ಕೇಳಿದ್ದು ಸಂಬಳವನ್ನಲ್ಲ. ಬಹಿರಂಗವಾಗಿ ಹಣ ಕೊಟ್ಟು ಆಡಿಸಲು ಒಪ್ಪಿದ್ದು 1898ರಲ್ಲಿ, ಆಗಲೂ ಆಟಗಾರನಿಗೆ ಬೇರೊಂದು ಖಾಯಂ ಕೆಲಸ ಇರಲೇಬೇಕು ಎಂಬ ಷರತ್ತಿನ ಮೇಲೆ.

ಲಾಕ್‌ವುಡ್ ವೇಕ್‌ಫೀಲ್ಡ್ ಟ್ರಿನಿಟಿ ತಂಡ ಸೇರಿ ಹೊಸ ಮನೆಗೆ ಕಾಲಿಟ್ಟ. ಅಲ್ಲಿಗೆ ಇಂಗ್ಲೆಂಡಿನ ಮಾಜಿ ನಾಯಕ ಹಳೆಯ ಮನೆಗೆ ಹೊರಗಿನವನಾದ. ನಾರ್ದರ್ನ್ ಯೂನಿಯನ್ನಿನವರ ಜೊತೆ ಆಡಿದವನಿಗೆ, ಅವರ ಎದುರು ಆಡಿದವನಿಗೂ, ಯೂನಿಯನ್‌ನಲ್ಲಿ ಪ್ರವೇಶವಿಲ್ಲ. ಊರಿನಿಂದ ಹೊರಗಿಟ್ಟ ಮನೆಯವರೊಂದಿಗೆ ಬೆಂಕಿ ನೀರು ಹಂಚಿಕೊಂಡವರನ್ನೂ ಹೊರಗಿಡುತ್ತಿದ್ದರಲ್ಲ, ಹಾಗೆ. ಮೈದಾನದಲ್ಲಿ ಅವನು ಆಡುತ್ತಿದ್ದ ಆಟ ಮಾತ್ರ ಹಿಂದಿನ ವರ್ಷದ್ದೇ.

ಹೊಸ ಮನೆಯಲ್ಲಿ ಅವನೇನು ಶ್ರೀಮಂತನಾಗಲಿಲ್ಲ. 1897ರಲ್ಲಿ ದಿವಾಳಿಯಾದ. ಅದೇ 1897ರಲ್ಲಿ ವೇಲ್ಸ್‌ನ ಜನಪ್ರಿಯ ನಾಯಕ ಆರ್ಥರ್ ಗೌಲ್ಡ್‌ಗೆ ಅಭಿಮಾನಿಗಳು ಚಂದಾ ಎತ್ತಿ ಒಂದು ಮನೆಯನ್ನೇ ಉಡುಗೊರೆ ಕೊಟ್ಟರು. ಕೊಂಚ ಗಲಾಟೆಯಾಯಿತು, ಕಾಗದಪತ್ರಗಳು ಓಡಾಡಿದವು, ಕೊನೆಗೆ ಗೌಲ್ಡ್ ಪ್ರಕರಣ ವಿಶೇಷವೆಂದು ಇಂಗ್ಲೆಂಡಿನ ಯೂನಿಯನ್ ಕಣ್ಣು ಮುಚ್ಚಿಕೊಂಡಿತು. ಆರು ಷಿಲಿಂಗ್ ಮುಟ್ಟಿದವನು ಹೊರಗೆ, ಮನೆ ಮುಟ್ಟಿದವನು ಒಳಗೆ. ಗೌಲ್ಡ್ ಮೇಲೆ ನನಗೇನೂ ಸಿಟ್ಟಿಲ್ಲ, ದೊಡ್ಡ ಆಟಗಾರ. ಆದರೆ ಈ ಎರಡು ಸಂಗತಿ ಒಂದೇ ವರ್ಷ ನಡೆದದ್ದನ್ನು ಓದಿದಾಗ ನಗು ಬರದೆ ಇರದು. ಲಾಕ್‌ವುಡ್ ಮತ್ತೆ ಡ್ಯೂಸ್‌ಬರಿಗೆ ಬಂದು ಕೊನೆಯ ದಿನಗಳ ಆಟ ಆಡಿದ, 1915ರಲ್ಲಿ, 48 ತುಂಬುವ ಮೊದಲೇ ತೀರಿಕೊಂಡ. ಇಂಗ್ಲೆಂಡಿನ ಯೂನಿಯನ್ ತಂಡವೂ ಸುಖವಾಗೇನೂ ಇರಲಿಲ್ಲ. ಉತ್ತರದವರನ್ನು ಕಳೆದುಕೊಂಡ ಮೇಲೆ ಅದು ಮತ್ತೆ ನೆರೆದೇಶಗಳ ಚಾಂಪಿಯನ್ ಪಟ್ಟ ಕಂಡದ್ದು 1910ರಲ್ಲಿ.

ಈಗ ಪದಕ್ಕೆ ಮರಳೋಣ. ಲಾಕ್‌ವುಡ್ ಡ್ಯುಯಲ್ ಕೋಡ್ ಆಟಗಾರನೇ? ಹೌದು. ಡ್ಯುಯಲ್ ಕೋಡ್ ಇಂಟರ್‌ನ್ಯಾಷನಲ್? ಅಲ್ಲ. ಅವನ ಕಸುವು ಕಡಿಮೆಯಾಗಿ ಅಲ್ಲ, ಹೊಸ ಕೋಡ್‌ನಲ್ಲಿ ದೇಶದ ತಂಡ ಎಂಬುದೇ ಇನ್ನೂ ಹುಟ್ಟಿರಲಿಲ್ಲ. ನಾರ್ದರ್ನ್ ಯೂನಿಯನ್ನಿನ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆದದ್ದು 1904ರ ಏಪ್ರಿಲ್ 5ರಂದು, ವಿಗನ್‌ನಲ್ಲಿ. ಇಂಗ್ಲೆಂಡಿಗೆ ಎದುರಾಳಿ ದೇಶ ಸಿಗದೆ, ವೇಲ್ಸ್ ಮತ್ತು ಸ್ಕಾಟ್ಲೆಂಡಿನಿಂದ ದಾಟಿ ಬಂದವರನ್ನು ಕೂಡಿಸಿ 'ಇತರ ರಾಷ್ಟ್ರೀಯರು' ಎಂಬ ತಂಡ ಕಟ್ಟಿದರು. ಆ ಕಲಬೆರಕೆ ತಂಡವೇ 9–3ರಿಂದ ಗೆದ್ದಿತು. ಅಷ್ಟು ಹೊತ್ತಿಗೆ ಆಟವೂ ಬದಲಾಗತೊಡಗಿತ್ತು. ಗೆರೆಯಾಚೆ ಹೋದ ಚೆಂಡನ್ನು ಸಾಲುನಿಂತು ಹಿಡಿಯುವ ಲೈನ್‌ಔಟ್ 1897ರಲ್ಲೇ ಹೋಗಿತ್ತು. 1906ರಲ್ಲಿ ತಂಡ ಹದಿಮೂರಕ್ಕೆ ಇಳಿಯಿತು. ದುಡ್ಡು ಕೊಟ್ಟು ಬಂದ ಪ್ರೇಕ್ಷಕನಿಗೆ ಗುಂಪು ತಳ್ಳಾಟಕ್ಕಿಂತ ಓಟ ಕಾಣಬೇಕು ಎಂಬುದು ಕಾರಣ. ಹೀಗೆ ಕೂಲಿಯ ಜಗಳ ನಿಧಾನವಾಗಿ ಆಟದ ವ್ಯತ್ಯಾಸವಾಯಿತು. ರಗ್ಬಿ ಲೀಗ್ ಎಂಬ ಹೆಸರು ಸಂಸ್ಥೆಗೆ ಬಂದದ್ದು ಇನ್ನೂ ತಡವಾಗಿ, 1922ರಲ್ಲಿ.

ಪದದ ಪೂರ್ತಿ ಅರ್ಥಕ್ಕೆ ಹೊಂದುವ ಮೊದಮೊದಲ ಇಂಗ್ಲಿಷರಲ್ಲಿ ಆಲ್ಫ್ ವುಡ್ ಒಬ್ಬ. ಗ್ಲಾಸ್ಟರ್ ತಂಡದ ಫುಲ್‌ಬ್ಯಾಕ್, ಅಂದರೆ ಎಲ್ಲರ ಹಿಂದೆ ಕಾವಲು ನಿಲ್ಲುವವನು. 1908ರಲ್ಲಿ ಇಂಗ್ಲೆಂಡ್ ಯೂನಿಯನ್ ತಂಡಕ್ಕೆ ಮೂರು ಪಂದ್ಯ ಆಡಿದ, ಬಳಿಕ ಓಲ್ಡಮ್ ಸೇರಿ ಗಡಿ ದಾಟಿದ. 1914ರ ಜುಲೈ 4ರಂದು ಸಿಡ್ನಿಯಲ್ಲಿ ಗ್ರೇಟ್ ಬ್ರಿಟನ್ ಲೀಗ್ ತಂಡ ಆಸ್ಟ್ರೇಲಿಯಾ ವಿರುದ್ಧ ಎಂಟು ದಿನದಲ್ಲಿ ಮೂರನೆಯ ಟೆಸ್ಟ್ ಆಡಬೇಕಾಯಿತು. ಬದಲಿ ಆಟಗಾರರ ಪದ್ಧತಿ ಇಲ್ಲದ ಕಾಲ. ಒಬ್ಬನ ಕಾಲು ತಿರುಚಿತು, ಡಗ್ಲಸ್ ಕ್ಲಾರ್ಕ್‌ನ ಹೆಬ್ಬೆರಳು ಮೊದಲು ಮುರಿಯಿತು, ಆಮೇಲೆ ಕೊರಳೆಲುಬು. ಮತ್ತೊಬ್ಬ ತಲೆಗೆ ಪೆಟ್ಟು ಬಿದ್ದು ಹೊರಗೆ ಹೋದ. ಎರಡನೆಯ ಅವಧಿಯ ಬಹುಪಾಲು ಹತ್ತೇ ಜನ ಆಡಿ 14–6ರಿಂದ ಗೆದ್ದರು. ಆ ಹದಿನಾಲ್ಕರಲ್ಲಿ ಎಂಟು ಅಂಕ ವುಡ್ ಒದ್ದ ನಾಲ್ಕು ಗೋಲುಗಳದ್ದು. 1879ರ ಝುಲು ಯುದ್ಧದಲ್ಲಿ ಬೆರಳೆಣಿಕೆಯ ಬ್ರಿಟಿಷ್ ಸೈನಿಕರು ಕಾದಾಡಿ ಉಳಿದ ಠಾಣೆಯ ಹೆಸರಿನಿಂದ ಈ ಪಂದ್ಯವನ್ನು ಇಂದಿಗೂ ರೋರ್ಕ್ಸ್ ಡ್ರಿಫ್ಟ್ ಟೆಸ್ಟ್ ಎನ್ನುತ್ತಾರೆ. ಅದೇ ತಂಡದಲ್ಲಿದ್ದ ಡೇವ್ ಹಾಲೆಂಡ್ ಕೂಡ ಎರಡು ವರ್ಷದ ಹಿಂದೆ ಇಂಗ್ಲೆಂಡ್ ಯೂನಿಯನ್ ತಂಡದಲ್ಲಿದ್ದವನು.

ಇವರ ಪಕ್ಕ ಜಾನ್ ಜ್ಯಾಕೆಟ್‌ನನ್ನು ಇಟ್ಟರೆ ಎರಡು ಪದಗಳ ಅಂತರ ಸ್ಪಷ್ಟವಾಗುತ್ತದೆ. ಕಾರ್ನ್‌ವಾಲಿನ ಫಾಲ್ಮತ್‌ನವನು, ಚಿತ್ರಕಾರರಿಗೆ ರೂಪದರ್ಶಿಯಾಗಿ ನಿಲ್ಲುತ್ತಿದ್ದ ಚೆಲುವ. ಇಂಗ್ಲೆಂಡ್ ಯೂನಿಯನ್ ತಂಡಕ್ಕೆ 13 ಪಂದ್ಯ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪದಕವೂ ಸಿಕ್ಕಿತು, ಆ ರಗ್ಬಿ ಸ್ಪರ್ಧೆಯಲ್ಲಿ ಇದ್ದದ್ದೇ ಎರಡು ತಂಡ ಎಂಬುದನ್ನು ಪಿಸುಮಾತಿನಲ್ಲಿ ಹೇಳಬೇಕು. ನಂತರ ಲೀಗ್‌ಗೆ ದಾಟಿ 1912ರಲ್ಲಿ ಡ್ಯೂಸ್‌ಬರಿ ಜೊತೆ ಚಾಲೆಂಜ್ ಕಪ್ ಗೆದ್ದ. ಆದರೆ ಲೀಗ್‌ನಲ್ಲಿ ದೇಶಕ್ಕೆ ಆಡಲಿಲ್ಲ. ಹಾಗಾಗಿ ಡ್ಯುಯಲ್ ಕೋಡ್ ಆಟಗಾರ ಅಷ್ಟೇ.

ಇವರೆಲ್ಲರ ದಾರಿ ಒಂದೇ ದಿಕ್ಕಿನದು. ಯೂನಿಯನ್‌ನಿಂದ ಲೀಗ್‌ಗೆ ಹೋಗಬಹುದು, ವಾಪಸ್ಸು ಬರುವಂತಿಲ್ಲ. ಎರಡು ಮಹಾಯುದ್ಧಗಳ ಹೊತ್ತಿನಲ್ಲಿ ಮಾತ್ರ ಸೈನ್ಯದಲ್ಲಿದ್ದವರಿಗೆ ಈ ನಿಷೇಧ ಸಡಿಲಿಸಿದರು. 1943ರಲ್ಲಿ ಲೀಡ್ಸ್‌ನಲ್ಲಿ, 1944ರಲ್ಲಿ ಬ್ರ್ಯಾಡ್‌ಫರ್ಡಿನಲ್ಲಿ ಎರಡೂ ಕೋಡ್‌ನ ಸೈನಿಕರು ಎದುರುಬದುರಾದರು. ಕಟ್ಟಳೆ ಯೂನಿಯನ್ನಿನದ್ದು, ಹದಿನೈದು ಜನ, ಲೈನ್‌ಔಟ್ ಎಲ್ಲ ಇತ್ತು. ಎರಡು ಸಲವೂ ಗೆದ್ದವರು ಲೀಗ್‌ನವರು. ಯುದ್ಧ ಮುಗಿಯಿತು, ಬಾಗಿಲು ಮತ್ತೆ ಮುಚ್ಚಿತು. ಯೂನಿಯನ್ ತಾನೇ ಹಣದ ಆಟವನ್ನು ಒಪ್ಪಿದ್ದು 1995ರ ಆಗಸ್ಟಿನಲ್ಲಿ, ಜಾರ್ಜ್ ಹೋಟೆಲಿನ ಸಭೆಗೆ ಸರಿಯಾಗಿ ನೂರು ವರ್ಷ ತುಂಬುವ ವಾರದಲ್ಲಿ. ಆಮೇಲೆ ಲೀಗ್‌ನಿಂದ ಯೂನಿಯನ್‌ಗೆ ಬರುವವರ ಸಾಲು ಶುರುವಾಯಿತು. ಲೀಡ್ಸ್‌ನ ಜೇಸನ್ ರಾಬಿನ್‌ಸನ್ ಲೀಗ್‌ನಲ್ಲಿ ಗ್ರೇಟ್ ಬ್ರಿಟನ್ನಿಗೆ ಆಡಿ, ಯೂನಿಯನ್‌ಗೆ ಬಂದು, 2003ರ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡಿನ ಏಕೈಕ ಟ್ರೈ ಗಳಿಸಿದರು. ಡ್ಯುಯಲ್ ಕೋಡ್ ಎಂಬುದಕ್ಕೆ ಈಗಿನ ಹೆಮ್ಮೆಯ ಧ್ವನಿ ಬಂದದ್ದು ಇಂಥವರಿಂದ.

ಬಳಕೆಯ ಬಗ್ಗೆ ಒಂದು ಮಾತು. ಎರಡು ಬೇರೆ ಬೇರೆ ಆಟಗಳಲ್ಲಿ ದೇಶವನ್ನು ಪ್ರತಿನಿಧಿಸಿದವರಿಗೂ ಈ ಪದವನ್ನು ಅಂಟಿಸುವುದು ಕಾಣುತ್ತದೆ. ಅದು ಸರಿಯಲ್ಲ. ಮದ್ರಾಸಿನ ಎಂ. ಜೆ. ಗೋಪಾಲನ್ ಕ್ರಿಕೆಟ್ ಮತ್ತು ಹಾಕಿ ಎರಡರಲ್ಲೂ ಭಾರತಕ್ಕೆ ಆಡಿದರು, ಅವರನ್ನು ಡಬಲ್ ಇಂಟರ್‌ನ್ಯಾಷನಲ್ ಎನ್ನಬೇಕು. ಕೋಡ್ ಎನ್ನಬೇಕಾದರೆ ಒಂದೇ ಬೇರಿನಿಂದ ಒಡೆದ ಎರಡು ಕೊಂಬೆ ಇರಬೇಕು. ಕನ್ನಡದಲ್ಲಿ 'ಎರಡು ಸಂಹಿತೆಯ ಆಟಗಾರ' ಎಂದರೆ ಕಾನೂನು ಪುಸ್ತಕದ ವಾಸನೆ. 'ಎರಡೂ ರಗ್ಬಿಯ ಆಟಗಾರ' ಎಂದರೆ ಅರ್ಥವೂ ಆಗುತ್ತದೆ, ನಾಲಿಗೆಗೂ ಹಗುರ. ನಾನಂತೂ ಹಾಗೇ ಬರೆಯುತ್ತೇನೆ.