ಐರನ್ ಇಳಿಯುವಾಗ, ಡ್ರೈವರ್ ಏರುವಾಗ: ಒಂದೇ ಸ್ವಿಂಗ್ ಎರಡಾದ ಬಗೆ

ಗಾಲ್ಫ್ ಕಲಿಯಲು ಹೊರಟವರ ಕಿವಿಗೆ ಎರಡು ಮಾತು ಒಟ್ಟಿಗೇ ಬೀಳುತ್ತವೆ. ಚೆಂಡು ಹೊಡೆಯುವ ಕೋಲಾದ ಕ್ಲಬ್ ಯಾವುದಾದರೂ ಸ್ವಿಂಗ್, ಅಂದರೆ ಬೀಸುವ ಬಗೆ, ಒಂದೇ ಎಂಬುದು ಒಂದು. ತೆಳು ಲೋಹದ ತಲೆಯ ಐರನ್ ಆದರೆ ಕೆಳಮುಖವಾಗಿ, ಅತಿ ದೂರ ಹೊಡೆಯುವ ಉದ್ದನೆಯ ಡ್ರೈವರ್ ಆದರೆ ಮೇಲ್ಮುಖವಾಗಿ ಹೊಡೆಯಬೇಕು ಎಂಬುದು ಇನ್ನೊಂದು. ಎರಡೂ ಸುಳ್ಳಲ್ಲ, ಬೇರೆ ಬೇರೆ ಕಾಲದ ಸಲಕರಣೆಗಳು ಹುಟ್ಟಿಸಿದ ಮಾತುಗಳು, ಅಷ್ಟೆ.

19ನೇ ಶತಮಾನದ ಮಧ್ಯದವರೆಗೂ ಸ್ಕಾಟ್ಲೆಂಡಿನಲ್ಲಿ ಚೆಂಡೆಂದರೆ ಗರಿ ತುಂಬಿ ಹೊಲಿದ ತೊಗಲಿನ ಉಂಡೆ. ಕಬ್ಬಿಣದ ಅಂಚು ತಗುಲಿದರೆ ತೊಗಲು ಹರಿಯುತ್ತಿತ್ತು, ಚೆಂಡೋ ಬಲು ದುಬಾರಿ. ಹಾಗಾಗಿ ಆಟವೆಲ್ಲ ಮರದ ಕ್ಲಬ್ಬುಗಳದ್ದು. ಗಾಡಿಜಾಡಿನಲ್ಲೋ ಮರಳಿನಲ್ಲೋ ಸಿಕ್ಕಿಕೊಂಡ ಚೆಂಡನ್ನು ಎಬ್ಬಿಸಲು ಮಾತ್ರ ಐರನ್ ಹೊರಗೆ ಬರುತ್ತಿತ್ತು. 1848ರ ಸುಮಾರಿಗೆ ಗಟಾಪರ್ಚಾ ಎಂಬ ಮರದ ಅಂಟಿನ ಗಟ್ಟಿ ಚೆಂಡು ಬಂದ ಮೇಲೆ ಐರನ್ನಿಗೂ ಮರ್ಯಾದೆ ಬಂತು. ಮರದಿಂದ ನೆಲ ಸವರುವ ಏಟು, ಕಬ್ಬಿಣದಿಂದ ನೆಲಕ್ಕಿಳಿಯುವ ಏಟು ಎಂಬ ವಿಂಗಡಣೆಯ ಬೇರು ಇಲ್ಲಿದೆ. ಮೊದಲ ಏಟಿಗೆ ಚೆಂಡನ್ನು ನೆಲದಿಂದ ಎತ್ತಿಡುವ ಟೀ ಎಂದರೆ ಆಗ ಒದ್ದೆ ಮರಳಿನ ಚಿಕ್ಕ ಗುಪ್ಪೆ. ಜಾರ್ಜ್ ಗ್ರಾಂಟ್ ಮರದ ಟೀಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1899ರಲ್ಲಿ. ಅಂಥ ಟೀ ಎಲ್ಲರ ಜೇಬಿಗೂ ಬರಲು 1920ರ ದಶಕ ಬೇಕಾಯಿತು.

ಸ್ವಿಂಗ್ ಒಂದು ಓರೆಯಾದ ವೃತ್ತ. ಅದರ ಕೆಳಬಿಂದು ಬಲಗೈ ಆಟಗಾರನಿಗೆ ಹೆಚ್ಚುಕಡಿಮೆ ಎಡಭುಜದ ಕೆಳಗೆ ಬೀಳುತ್ತದೆ. ನಡುದೂರಕ್ಕೆ ಬಳಸುವ 7 ಐರನ್ನಿನಲ್ಲಿ ಚೆಂಡು ಎರಡು ಪಾದಗಳ ನಡುವೆ, ಕೂದಲೆಳೆಯಷ್ಟು ಎಡಕ್ಕೆ ಇರುತ್ತದೆ. ಅಂದರೆ ಕೆಳಬಿಂದು ಚೆಂಡಿಗಿಂತ 3-4 ಇಂಚು ಮುಂದೆ. ಕ್ಲಬ್ ಇನ್ನೂ ಇಳಿಯುತ್ತಿರುವಾಗಲೇ ಚೆಂಡಿಗೆ ತಗಲುತ್ತದೆ, ಆಮೇಲೆ ಹುಲ್ಲು ಕೀಳುತ್ತದೆ. ಡಿವಟ್, ಅಂದರೆ ಹುಲ್ಲು ಕಿತ್ತ ಗುಳಿ, ಚೆಂಡಿದ್ದ ಜಾಗದಿಂದ ಮುಂದಕ್ಕೆ ಶುರುವಾಗಿದ್ದರೆ ಏಟು ಸರಿ. ಹಿಂದೆ ಶುರುವಾಗಿದ್ದರೆ ಆಟಗಾರ ಚೆಂಡನ್ನು ಕೈಯಿಂದ ಎತ್ತಿ ಹಾಕಲು ನೋಡಿದ್ದಾನೆ, ತೂಕ ಬಲಗಾಲಿನಲ್ಲೇ ಉಳಿದಿದೆ ಎಂದರ್ಥ. ಆಗ ಒಂದೋ ಮೊದಲು ಮಣ್ಣಿಗೆ ಏಟು, ಇಲ್ಲವೇ ಚೆಂಡಿನ ನಡುವಿಗೆ ಕ್ಲಬ್ಬಿನ ಅಂಚು. ಎತ್ತುವ ಕೆಲಸ ಮಾಡಲು 30 ಡಿಗ್ರಿ ಆಸುಪಾಸಿನ ಲಾಫ್ಟ್, ಅಂದರೆ ಚೆಂಡಿಗೆ ತಗಲುವ ಕ್ಲಬ್ ಮುಖದ ಹಿಂಬಾಗು, ಇದೆ; ಕೈಗೆ ಆ ಉಸಾಬರಿ ಬೇಡ.

ಪರ್ಸಿಮನ್ ಮರದ ಡ್ರೈವರ್ ಕಾಲದಲ್ಲಿ ಐರನ್ನಿನ ಈ ಏಟಿಗೂ ಡ್ರೈವರ್ ಏಟಿಗೂ ಅಂತರ ಕಡಿಮೆಯಿತ್ತು. ಹೆಡ್ (ಕ್ಲಬ್ಬಿನ ತಲೆ) ಚಿಕ್ಕದು, ಶಾಫ್ಟ್ (ಅದರ ಕೋಲು) 43 ಇಂಚಿನ ಆಸುಪಾಸು, ಟೀ ಗಿಡ್ಡ. ರಬ್ಬರ್ ದಾರ ಸುತ್ತಿ ಬಲಾಟಾ ಎಂಬ ಮೆತ್ತನೆ ಹೊದಿಕೆ ಹಾಕಿದ ಚೆಂಡು ವಿಪರೀತ ತಿರುಗುತ್ತಿತ್ತು. ತಗ್ಗಾಗಿ ಹೊರಟರೂ ತನ್ನ ಸ್ಪಿನ್ನಿನ ಬಲದಲ್ಲೇ ಮೇಲೇರುತ್ತಿತ್ತು. ಮೇಲ್ಮುಖವಾಗಿ ಹೊಡೆದು ಆಗಬೇಕಾದ ಲಾಭವೇನೂ ದೊಡ್ಡದಿರಲಿಲ್ಲ. "ಸ್ವಿಂಗ್ ಒಂದೇ" ಎಂದ ಹಳೆಯ ಗುರುಗಳು ತಮ್ಮ ಕೈಲಿದ್ದ ಸಾಮಾನಿಗೆ ಸರಿಯಾಗಿಯೇ ಹೇಳಿದ್ದರು.

1979ರಲ್ಲಿ ಟೇಲರ್‌ಮೇಡ್ ಉಕ್ಕಿನ ಡ್ರೈವರ್ ತಂದಿತು. 1991ರ ಕ್ಯಾಲವೇ ಬಿಗ್ ಬರ್ತಾ 190 ಸಿಸಿ ಗಾತ್ರಕ್ಕೇ ದೈತ್ಯ ಎನಿಸಿಕೊಂಡಿತ್ತು. ಟೈಟಾನಿಯಂ ಬಂದ ಮೇಲೆ ತೂಕ ಏರಿಸದೆ ಹೆಡ್ ಹಿಗ್ಗಿಸುವುದು ಸುಲಭವಾಯಿತು. 2004ರಲ್ಲಿ ನಿಯಮವೇ 460 ಸಿಸಿಗೆ ಗೆರೆ ಎಳೆಯಬೇಕಾಯಿತು. ನಡುವೆ 2000ದಲ್ಲಿ ಬಂದ ಟೈಟ್ಲಿಸ್ಟ್ ಪ್ರೊ ವಿ1 ದಾರ ಸುತ್ತಿದ ಚೆಂಡನ್ನು ಬೇಗನೆ ಮೂಲೆಗೆ ತಳ್ಳಿತು. ಡ್ರೈವರ್ ಏಟಿಗೆ ಹೊಸ ಚೆಂಡು ಕಡಿಮೆ ತಿರುಗುತ್ತದೆ, ಆದ್ದರಿಂದ ತಾನಾಗಿ ಏರುವುದಿಲ್ಲ. ಅದನ್ನು ಎತ್ತರಕ್ಕೇ ಕಳಿಸಬೇಕು.

ದೊಡ್ಡ ಹೆಡ್ಡಿನ ಒಳಗೂ ಒಂದು ಕರಾಮತ್ತಿದೆ. ಅದರ ಗುರುತ್ವಕೇಂದ್ರ ಮುಖದಿಂದ ಬಹಳ ಹಿಂದಿದೆ. ಚೆಂಡು ಮುಖದ ನಡುವಿಗಿಂತ ತುಸು ಮೇಲೆ ತಗುಲಿದರೆ ಹೆಡ್ ಹಿಂದಕ್ಕೆ ವಾಲುತ್ತದೆ, ಅದಕ್ಕೆದುರಾಗಿ ಚೆಂಡಿನ ಬ್ಯಾಕ್‌ಸ್ಪಿನ್ (ಹಿಮ್ಮುಖ ಸುತ್ತು) ಇಳಿಯುತ್ತದೆ: ಎತ್ತರ ಹೆಚ್ಚು, ಸ್ಪಿನ್ ಕಡಿಮೆ. ಕೆಳಗೆ ತಗುಲಿದರೆ ಇದರ ತಿರುಗುಮುರುಗು. ಐರನ್ನಿನ ತೆಳು ಹೆಡ್ಡಿನಲ್ಲಿ ಈ ಪರಿಣಾಮ ನಗಣ್ಯ.

ಕ್ಲಬ್ ತಗಲುವ ಗಳಿಗೆಯಲ್ಲಿ ಎಷ್ಟು ಡಿಗ್ರಿ ಇಳಿಯುತ್ತಿದೆ, ಎಷ್ಟು ಏರುತ್ತಿದೆ ಎಂಬುದನ್ನು ಎಲ್ಲರೂ ನೋಡುವಂತಾದದ್ದು ರಾಡಾರ್ ಬಂದ ಮೇಲೆ. ಅಂಥ ರಾಡಾರ್ ಮಾಡುವ ಡೆನ್ಮಾರ್ಕಿನ ಟ್ರ್ಯಾಕ್‌ಮನ್ ಕಂಪನಿ 2003ರಲ್ಲಿ ಶುರುವಾಯಿತು. ಅದು ಹಿಂದೆ ಪ್ರಕಟಿಸಿದ ಸರಾಸರಿಗಳಲ್ಲಿ ಅಮೆರಿಕದ ವೃತ್ತಿಪರ ಪಂದ್ಯಮಾಲೆಯಾದ ಪಿಜಿಎ ಟೂರಿನ ಪುರುಷರು 6 ಐರನ್ನಿನಲ್ಲಿ ಸುಮಾರು 4 ಡಿಗ್ರಿ ಕೆಳಕ್ಕೆ ಹೊಡೆಯುತ್ತಿದ್ದರು. ಡ್ರೈವರ್‌ನಲ್ಲೂ 1.3 ಡಿಗ್ರಿ ಕೆಳಕ್ಕೇ! ಮಹಿಳೆಯರ ಟೂರಾದ ಎಲ್‌ಪಿಜಿಎಯವರದು 3 ಡಿಗ್ರಿ ಮೇಲಕ್ಕೆ. ಕ್ಲಬ್ಬನ್ನು ಗಂಟೆಗೆ 113 ಮೈಲಿ ವೇಗದಲ್ಲಿ ಬೀಸುವವರು ದಿಕ್ಕಿನ ಹಿಡಿತಕ್ಕಾಗಿ ಒಂದಿಷ್ಟು ದೂರ ಬಿಟ್ಟುಕೊಡಬಲ್ಲರು. 90 ಮೈಲಿಯ ಹವ್ಯಾಸಿಗೆ ಆ ಐಷಾರಾಮವಿಲ್ಲ. 5 ಡಿಗ್ರಿ ಕೆಳಕ್ಕೆ ಹೊಡೆಯುವ ಬದಲು 5 ಡಿಗ್ರಿ ಮೇಲಕ್ಕೆ ಹೊಡೆದರೆ ಅದೇ ವೇಗದಲ್ಲಿ ಸುಮಾರು 20 ಗಜ ಹೆಚ್ಚು ಸಿಗುತ್ತದೆ. ಆದ್ದರಿಂದ ಹವ್ಯಾಸಿಯು ಅನುಕರಿಸಬೇಕಾದ್ದು ಪುರುಷರ ಟೂರನ್ನಲ್ಲ, ಮಹಿಳೆಯರ ಟೂರನ್ನು.

ಹಾಗೆಂದು ಕೈಯಿಂದ ಮೇಲಕ್ಕೆ ಎಳೆಯಬೇಕಿಲ್ಲ. ಬದಲಾವಣೆ ನಿಂತುಕೊಳ್ಳುವ ಭಂಗಿಯಲ್ಲೇ ಮುಗಿಯಬೇಕು. ಚೆಂಡು ಎಡ ಹಿಮ್ಮಡಿಯ ಒಳಬದಿಗೆ ನೇರವಾಗಿ ಬರಲಿ. ಪಾದಗಳು ಭುಜಕ್ಕಿಂತ ತುಸು ಅಗಲ. ಕ್ಲಬ್ಬನ್ನು ನೆಲಕ್ಕಿಟ್ಟಾಗ ಅರ್ಧ ಚೆಂಡು ಅದರ ನೆತ್ತಿಗಿಂತ ಮೇಲೆ ಕಾಣುವಷ್ಟು ಟೀ ಎತ್ತರ. ಬೆನ್ನು ಗುರಿಯಿಂದ ಆಚೆಗೆ, ಅಂದರೆ ಬಲಕ್ಕೆ, ಸ್ವಲ್ಪ ವಾಲಲಿ. ಬಲಭುಜ ತಗ್ಗಲಿ, ಎದೆಯ ಮೂಳೆ ಚೆಂಡಿನ ಹಿಂದಿರಲಿ. ಕೆಳಬಿಂದು ತಾನಾಗಿ ಚೆಂಡಿನ ಹಿಂದಕ್ಕೆ ಸರಿಯುತ್ತದೆ, ಕ್ಲಬ್ ಏರುತ್ತಿರುವಾಗ ಚೆಂಡು ಸಿಗುತ್ತದೆ.

ಬಹಳ ಮಂದಿ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಚೆಂಡನ್ನು ಎಡಕ್ಕೆ ಸರಿಸಿದ ಕೂಡಲೇ ಅದನ್ನು ತಲುಪಲು ಭುಜಗಳು ಅರಿವಿಲ್ಲದೆ ಎಡಕ್ಕೆ ತೆರೆದುಕೊಳ್ಳುತ್ತವೆ. ಸಾಲದ್ದಕ್ಕೆ ವೃತ್ತ ಓರೆಯಾದ್ದರಿಂದ ಕೆಳಬಿಂದು ದಾಟಿದ ಕ್ಲಬ್ ಮೇಲೇರುತ್ತಲೇ ಎಡಕ್ಕೂ ತಿರುಗುತ್ತದೆ. ಡ್ರೈವರ್‌ನ ಸ್ವಿಂಗ್ ವಾಲಿಕೆ 45-50 ಡಿಗ್ರಿಯಿರುವಾಗ, ಮೇಲಕ್ಕೆ 3 ಡಿಗ್ರಿ ಏರಿದರೆ ಕ್ಲಬ್ಬಿನ ಪಥವೂ ಹೆಚ್ಚುಕಡಿಮೆ ಅಷ್ಟೇ ಎಡಕ್ಕೆ ಹೋಗುತ್ತದೆ. ಐರನ್ನಿನಲ್ಲಿ ಇಳಿಯುವ ಏಟು ಪಥವನ್ನು ಬಲಕ್ಕೆ ತಳ್ಳುತ್ತಿತ್ತು. ಐರನ್ ನೇರ ಹೋಗುವವರ ಡ್ರೈವರ್ ಏಟು ಸ್ಲೈಸ್ ಆಗುವುದಕ್ಕೆ, ಅಂದರೆ ಬಲಕ್ಕೆ ಬಾಗಿಹೋಗುವುದಕ್ಕೆ, ಇದೊಂದು ದೊಡ್ಡ ಕಾರಣ. ಇನ್ನೊಂದು, ಲಾಫ್ಟ್ ಕಡಿಮೆ ಇದ್ದಾಗ ಮುಖಕ್ಕೂ ಪಥಕ್ಕೂ ಇರುವ ಅದೇ ಅಂತರ ಚೆಂಡಿನ ಸ್ಪಿನ್ ಅಕ್ಷವನ್ನು ಹೆಚ್ಚು ವಾಲಿಸುತ್ತದೆ, ಚೆಂಡು ಹೆಚ್ಚು ಬಾಗುತ್ತದೆ. ಮದ್ದು ಸರಳ: ನಿಂತ ಮೇಲೆ ಬಲಪಾದವನ್ನು ಒಂದಿಂಚು ಹಿಂದಕ್ಕೆ ತೆಗೆದು, ಭುಜಗಳ ಗೆರೆಯನ್ನು ಗುರಿಗಿಂತ ಕೊಂಚ ಬಲಕ್ಕೆ ತಿರುಗಿಸುವುದು.

ಫಲ ಸಿಕ್ಕಿತೇ ಎಂದು ತಿಳಿಯಲು ರಾಡಾರೇ ಬೇಕೆಂದಿಲ್ಲ. ಡ್ರೈವರ್ ಮುಖಕ್ಕೆ ಪೌಡರ್ ಸ್ಪ್ರೇ ಹಾಕಿ ಹೊಡೆದರೆ ಚೆಂಡಿನ ಗುರುತು ನಡುವಿಗಿಂತ ತುಸು ಮೇಲೆ ಮೂಡಬೇಕು. ಡ್ರೈವರ್‌ನ ನೆತ್ತಿಯ ಮುಂಬದಿಯಲ್ಲಿ ಬಿಳಿ ಗೀರುಗಳಿದ್ದರೆ ಟೀ ತಗ್ಗಿಸಲು ಹೋಗಬೇಡಿ. ಸಾಮಾನ್ಯವಾಗಿ ಅಲ್ಲಿ ತಪ್ಪಿರುವುದು ಟೀ ಅಲ್ಲ. ಕ್ಲಬ್ ಇನ್ನೂ ಐರನ್ನಿನಂತೆ ಕಡಿದಾಗಿ ಇಳಿಯುತ್ತಿದೆ, ಚೆಂಡಿನ ಅಡಿಗೆ ನುಗ್ಗುತ್ತಿದೆ.