ಸವೆಯಲೆಂದೇ ಬಳಿದ ಲೇಪ

ಸಿಲಿಕಾನ್, ಸಿಲಿಕೋನ್. ಬರೆಯುವಾಗ ಒಂದಕ್ಷರದ ವ್ಯತ್ಯಾಸ, ಮುಟ್ಟಿ ನೋಡಿದರೆ ಅಜಗಜಾಂತರ. ಮೊದಲನೆಯದು ಕಂಪ್ಯೂಟರ್ ಚಿಪ್‌ಗಳನ್ನು ಮಾಡುವ ಬೂದು ಬಣ್ಣದ ಮೂಲವಸ್ತು. ಗಾಜಿನಷ್ಟು ಗಟ್ಟಿ, ಗಾಜಿನ ಹಾಗೆಯೇ ಸಿಡಿದು ಒಡೆಯುವಂಥದ್ದು. ಎರಡನೆಯದು ಸಿಲಿಕಾನ್ ಮತ್ತು ಆಕ್ಸಿಜನ್ ಪರಮಾಣುಗಳನ್ನು ಒಂದು ಬಿಟ್ಟು ಒಂದರಂತೆ ಪೋಣಿಸಿದ ಸರಪಳಿ. ಇದು ಎಣ್ಣೆಯಾಗಿಯೂ, ರಬ್ಬರಾಗಿಯೂ, ಗಟ್ಟಿ ರಾಳವಾಗಿಯೂ ಸಿಗುತ್ತದೆ. ಎರಡನ್ನೂ ತೆಳು ಪದರವಾಗಿ ಲೇಪಿಸುತ್ತಾರೆ. ಎರಡಕ್ಕೂ ಇರುವ ಕೊರತೆ ಮಾತ್ರ ಒಂದೇ: ಒಣಗಿದ್ದಾಗ ಉಜ್ಜಾಟ ಅವಕ್ಕೆ ಆಗಿಬರುವುದಿಲ್ಲ.

ಸಿಲಿಕಾನ್‌ನಲ್ಲಿ ಕೂದಲೆಳೆಯ ದಪ್ಪದ ಗಿಯರ್‌ಗಳನ್ನು ಕೆತ್ತಿದವರಿಗೆ ಇದು ಬೇಗ ಅರಿವಾಯಿತು. ಗಾಳಿಗೆ ತೆರೆದ ಸಿಲಿಕಾನ್ ಮೇಲೆ ಒಂದೆರಡು ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಪಾಲು) ದಪ್ಪದ ಆಕ್ಸೈಡ್ ಪೊರೆ ತಾನಾಗಿ ಬೆಳೆಯುತ್ತದೆ. ಆ ಪೊರೆಗೆ ನೀರೆಂದರೆ ಪ್ರೀತಿ. ತೇವ ಹೆಚ್ಚಿದರೆ ಹಲ್ಲಿಗೆ ಹಲ್ಲು ಅಂಟಿಕೊಂಡು ಗಿಯರ್ ನಿಲ್ಲುತ್ತದೆ. ತೀರಾ ಒಣಗಿಸಿದರೆ ಹಲ್ಲುಗಳು ಸವೆದು ಪುಡಿಯಾಗುತ್ತವೆ, ಆ ಗಟ್ಟಿ ಪುಡಿಯೇ ಉಳಿದದ್ದನ್ನೂ ಅರೆಯುತ್ತದೆ. ಸಿಲಿಕೋನ್ ರಬ್ಬರಿನ ಕಷ್ಟ ಇದಕ್ಕೆ ತದ್ವಿರುದ್ಧ. ಅದು ಎಷ್ಟು ಮೆದುವೆಂದರೆ ಎದುರಿನ ಮೇಲ್ಮೈಯನ್ನು ಅಪ್ಪಿ ಹಿಡಿಯುತ್ತದೆ, ಎಳೆದರೆ ಹರಿಯುತ್ತದೆ.

ಗಟ್ಟಿಯಾದರೂ ತೊಂದರೆ, ಮೆದುವಾದರೂ ತೊಂದರೆ ಎಂದರೆ ಹೇಗೆ? ಉತ್ತರ ಕೊಟ್ಟವರು ಕೇಂಬ್ರಿಜ್‌ನಲ್ಲಿ ಘರ್ಷಣೆಯನ್ನು ಅಧ್ಯಯನ ಮಾಡಿದ ಫ್ರಾಂಕ್ ಬೌಡನ್ ಮತ್ತು ಡೇವಿಡ್ ಟೇಬರ್. ಕನ್ನಡಿಯಂತೆ ಹೊಳೆಯುವ ಲೋಹವೂ ಸೂಕ್ಷ್ಮವಾಗಿ ನೋಡಿದರೆ ಗುಡ್ಡಗಾಡು. ಎರಡು ಮೇಲ್ಮೈಗಳನ್ನು ಒತ್ತಿಟ್ಟರೆ ನಿಜವಾಗಿ ತಾಗುವುದು ಶಿಖರಗಳಷ್ಟೇ. ಆ ತಾಗುವ ಜಾಗದ ವಿಸ್ತೀರ್ಣವನ್ನು, ಅಲ್ಲಿನ ಬೆಸುಗೆಯ ಒಂದೊಂದು ಚದರ ಅಳತೆಯನ್ನು ಅಡ್ಡಡ್ಡ ಕತ್ತರಿಸಲು ಬೇಕಾದ ಬಲದಿಂದ ಗುಣಿಸಿದರೆ ಸರಿಸುಮಾರಾಗಿ ಘರ್ಷಣೆ ಸಿಗುತ್ತದೆ. ಗಟ್ಟಿ ವಸ್ತುವಿನಲ್ಲಿ ತಾಗುವ ಜಾಗ ಕಡಿಮೆ, ಆದರೆ ಕತ್ತರಿಸುವುದು ಕಷ್ಟ. ಮೆದು ವಸ್ತುವನ್ನು ಕತ್ತರಿಸುವುದು ಸುಲಭ, ಆದರೆ ತಾಗುವ ಜಾಗ ವಿಸ್ತಾರ. ಒಂದನ್ನು ಇಳಿಸಿದರೆ ಇನ್ನೊಂದು ಏರುತ್ತದೆ. ಇದರಿಂದ ಪಾರಾಗುವ ದಾರಿ ಒಂದಿದೆ: ಗಟ್ಟಿ ಮೈಗೆ ತೆಳುವಾದ ಮೆದು ಚರ್ಮ ಹೊದಿಸುವುದು. ಭಾರ ಹೊರುವುದು ಕೆಳಗಿನ ಗಟ್ಟಿ ಮೈ, ಜಾರುವುದು ಮೇಲಿನ ಚರ್ಮ.

ಆ ಚರ್ಮವೇ ಘನ ಕೀಲೆಣ್ಣೆ. ಎಣ್ಣೆಯಲ್ಲದ್ದನ್ನು ಎಣ್ಣೆ ಎನ್ನುವುದು ವಿಚಿತ್ರವೇ, ಆದರೆ ಕೆಲಸ ನೋಡಿದರೆ ಹೆಸರು ಒಪ್ಪುತ್ತದೆ.

ಎಲ್ಲರಿಗೂ ಗೊತ್ತಿರುವ ಘನ ಕೀಲೆಣ್ಣೆ ಪೆನ್ಸಿಲ್ಲಿನೊಳಗಿನ ಗ್ರಾಫೈಟ್. ಅದರ ಒಂದೊಂದು ಹಾಳೆಯಲ್ಲಿ ಇಂಗಾಲದ ಪರಮಾಣುಗಳು 0.142 ನ್ಯಾನೋಮೀಟರ್ ಅಂತರದಲ್ಲಿ ಬಿಗಿಯಾಗಿ ಹೆಣೆದುಕೊಂಡಿವೆ. ಹಾಳೆಗಳ ನಡುವಿನ ಅಂತರ 0.335 ನ್ಯಾನೋಮೀಟರ್, ಅಲ್ಲಿ ಬಂಧ ದುರ್ಬಲ. ಆದ್ದರಿಂದ ಹಾಳೆಗಳು ಇಸ್ಪೀಟು ಎಲೆಗಳಂತೆ ಜಾರುತ್ತವೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಈ ವಿವರಣೆ ಅರ್ಧ ಮಾತ್ರ ನಿಜ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನಗಳು ತುಂಬಾ ಎತ್ತರಕ್ಕೆ ಏರತೊಡಗಿದಾಗ, ಅವುಗಳ ಜನರೇಟರ್‌ನಲ್ಲಿ ತಿರುಗುವ ಭಾಗಕ್ಕೆ ಉಜ್ಜುತ್ತಾ ವಿದ್ಯುತ್ ದಾಟಿಸುವ ಇಂಗಾಲದ ಬ್ರಷ್‌ಗಳು ಕಂಡಾಪಟ್ಟೆ ಬೇಗ ಸವೆದು ಪುಡಿಯಾದವು. ಕಾರಣ, ಅಷ್ಟು ಎತ್ತರದ ಗಾಳಿಯಲ್ಲಿ ತೇವವಿಲ್ಲ. ಗ್ರಾಫೈಟ್ ಹಾಳೆಗಳ ಹರಿದ ಅಂಚುಗಳಲ್ಲಿ ಬಂಧಕ್ಕೆ ಹಾತೊರೆಯುವ ಪರಮಾಣುಗಳಿರುತ್ತವೆ. ನೀರಿನ ಅಣುಗಳು ಹೋಗಿ ಕೂತು ಅವನ್ನು ಶಾಂತಗೊಳಿಸಿದರಷ್ಟೇ ಗ್ರಾಫೈಟ್ ಸಲೀಸಾಗಿ ಜಾರುತ್ತದೆ. ಒಣ ಕೀಲೆಣ್ಣೆಗೂ ಒಂದಿಷ್ಟು ತೇವ ಬೇಕು!

ಇನ್ನೊಂದು ಘನ ಕೀಲೆಣ್ಣೆಯಾದ ಮಾಲಿಬ್ಡಿನಂ ಡೈಸಲ್ಫೈಡ್‌ನ ಸ್ವಭಾವ ಉಲ್ಟಾ. ಎರಡು ಗಂಧಕದ ಪದರಗಳ ನಡುವೆ ಒಂದು ಮಾಲಿಬ್ಡಿನಂ ಪದರ, ಇದು ಅದರ ಒಂದು ಹಾಳೆ. ಗಂಧಕಕ್ಕೆ ಗಂಧಕ ಎದುರಾಗುವ ಜಾಗದಲ್ಲಿ ಜಾರಾಟ. ನಿರ್ವಾತದಲ್ಲಿ ಇದರ ಘರ್ಷಣಾಂಕ (ಒತ್ತುವ ಬಲಕ್ಕೆ ಘರ್ಷಣೆಯ ಅನುಪಾತ) 0.05ಕ್ಕಿಂತ ಕೆಳಗಿಳಿಯಬಲ್ಲದು. ತೇವದ ಗಾಳಿಯಲ್ಲಿ ಅದೇ ಅಂಕಿ ಹಲವು ಪಟ್ಟು ಏರುತ್ತದೆ, ಸವೆತವೂ ಹೆಚ್ಚುತ್ತದೆ. ಹಾಗಾಗಿ ಬಾಹ್ಯಾಕಾಶದಲ್ಲಿ ಇದೇ ರಾಜ. 1938ರಲ್ಲಿ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಕೊಂಡ ಟೆಫ್ಲಾನ್‌ಗೆ ತೇವದ ಚಿಂತೆಯಿಲ್ಲ. ಸಲೀಸಾಗಿ ಜಾರುತ್ತದೆ, ಆದರೆ ಒಂಟಿಯಾಗಿ ಬಿಟ್ಟರೆ ಅಷ್ಟೇ ಸಲೀಸಾಗಿ ಸವೆದುಹೋಗುತ್ತದೆ. ಇನ್ನು ಬಿಳಿ ಗ್ರಾಫೈಟ್ ಎನಿಸಿಕೊಂಡ ಬೋರಾನ್ ನೈಟ್ರೈಡ್, ಉಳಿದವು ಸುಟ್ಟುಹೋಗುವ ಬಿಸಿಯಲ್ಲಿ ನೆನಪಾಗುವ ಪುಡಿ.

ಈ ಪುಡಿಗಳನ್ನು ಹಾಗೇ ಉದುರಿಸಿದರೆ ನಿಲ್ಲುವುದಿಲ್ಲ, ಹಿಡಿದಿಡಲು ಯಾರಾದರೂ ಬೇಕು. ಸಿಲಿಕೋನ್ ರಾಳಕ್ಕೆ ಕೆಲಸ ಸಿಗುವುದು ಇಲ್ಲಿ. ರಾಳದ ದ್ರಾವಣದಲ್ಲಿ ಪುಡಿ ಕಲಸಿ, ಯಂತ್ರದ ಭಾಗದ ಮೇಲೆ ಸಿಂಪಡಿಸಿ, ಒಲೆಯಲ್ಲಿ ಕಾಯಿಸಿದರೆ ಸಾಮಾನ್ಯವಾಗಿ 5ರಿಂದ 20 ಮೈಕ್ರೋಮೀಟರ್ ದಪ್ಪದ ಲೇಪ ಕೂರುತ್ತದೆ. ಬರೀ ಸವೆತ ತಡೆಯುವುದಷ್ಟೇ ಗುರಿಯಾದರೆ ಎಪಾಕ್ಸಿಯೋ ಪಾಲಿಇಮೈಡೋ ಎಂಬ ಬೇರೆ ರಾಳಗಳೇ ವಾಸಿ. ಸಿಲಿಕೋನ್ ರಾಳ ಅವುಗಳಷ್ಟು ಗಟ್ಟಿಯಲ್ಲ. ಆದರೆ ಸಿಲಿಕಾನ್–ಆಕ್ಸಿಜನ್ ಬಂಧ ಶಾಖಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಬಿಸಿ ಜಾಗಗಳಲ್ಲಿ ಅದೇ ದೊಡ್ಡ ಗುಣ.

ಪುಡಿ ಎಷ್ಟು ಹಾಕಬೇಕು ಎಂಬಲ್ಲಿ ನಿಜವಾದ ಕಸುಬುಗಾರಿಕೆ ಇದೆ. ಕಡಿಮೆಯಾದರೆ ರಾಳವೇ ಉಜ್ಜಿಸಿಕೊಳ್ಳುತ್ತದೆ. ಹೆಚ್ಚಾದರೆ ಕಣಕಣದ ನಡುವೆ ರಾಳ ಸಾಲದೆ ಲೇಪ ಸುಣ್ಣದ ಗೋಡೆಯಂತೆ ಉದುರುತ್ತದೆ. ಎರಡರ ನಡುವೆ ಎಲ್ಲೋ ಒಂದು ಹದವಿದೆ. ಆ ಹದದಲ್ಲಿ ಲೇಪದ ತುಸು ಭಾಗ ಮೊದಲ ಉಜ್ಜಾಟದಲ್ಲೇ ಸವೆದು, ಎದುರಿನ ಲೋಹಕ್ಕೆ ಅಂಟಿ, ಅಲ್ಲೂ ಒಂದು ತೆಳು ಪೊರೆಯಾಗುತ್ತದೆ. ಆಮೇಲೆ ಉಜ್ಜಾಟ ನಡೆಯುವುದು ಲೋಹಕ್ಕೂ ಲೇಪಕ್ಕೂ ಅಲ್ಲ, ಕೀಲೆಣ್ಣೆಗೂ ಕೀಲೆಣ್ಣೆಗೂ. ಚೂರೂ ಸವೆಯದ ಲೇಪ ಒಳ್ಳೆಯದು ಎಂದುಕೊಂಡವರಿಗೆ ಇದು ತಲೆಕೆಳಗಾಗಿ ಕಾಣಬಹುದು. ಆದರೆ ಆ ಆರಂಭದ ಸವೆತವೇ ಮುಂದಿನ ಸವೆತವನ್ನು ತಡೆಯುವುದು. ಎಣ್ಣೆಯಂತೆ ಹರಿದು ಬಂದು ಗಾಯ ಮುಚ್ಚುವ ಶಕ್ತಿ ಮಾತ್ರ ಇದಕ್ಕಿಲ್ಲ, ಹೋದ ಪುಡಿ ಹೋದ ಹಾಗೆಯೇ.

ಇದರ ಬೆಲೆ ತೆತ್ತದ್ದು ಗುರುಗ್ರಹಕ್ಕೆ ಹೊರಟ ನಾಸಾದ ಗೆಲಿಲಿಯೋ ನೌಕೆ. 1991ರ ಏಪ್ರಿಲ್‌ನಲ್ಲಿ ಅದರ ಕೊಡೆಯಂಥ ಮುಖ್ಯ ಆಂಟೆನಾ ಬಿಚ್ಚಿಕೊಳ್ಳಬೇಕಿತ್ತು. ಬಿಚ್ಚಲಿಲ್ಲ. 18 ಕಡ್ಡಿಗಳಲ್ಲಿ ಕೆಲವು, ತಮ್ಮ ಪಿನ್‌ಗಳು ಕಚ್ಚಿಕೊಂಡಿದ್ದರಿಂದ ಅಲುಗಲಿಲ್ಲ. ಪಿನ್‌ಗಳಿಗೆ ಬಳಿದಿದ್ದ ಒಣ ಕೀಲೆಣ್ಣೆ ಅಷ್ಟರಲ್ಲಿ ಸವೆದುಹೋಗಿತ್ತು ಎಂದು ತನಿಖೆ ನಡೆಸಿದ ಎಂಜಿನಿಯರುಗಳು ತೀರ್ಮಾನಿಸಿದರು. 1986ರಲ್ಲಿ ಚಾಲೆಂಜರ್ ಎಂಬ ಬಾಹ್ಯಾಕಾಶ ಷಟಲ್ ಸಿಡಿದ ದುರಂತದಿಂದ ಉಡಾವಣೆ ಮೂರು ವರ್ಷಕ್ಕೂ ಮೇಲೆ ತಡವಾಗಿ, ನೌಕೆಯನ್ನು ಕ್ಯಾಲಿಫೋರ್ನಿಯ ಮತ್ತು ಫ್ಲಾರಿಡಗಳ ನಡುವೆ ಹಲವು ಬಾರಿ ಲಾರಿಯಲ್ಲಿ ಸಾಗಿಸಿದ್ದರು. ನಿರ್ವಾತಕ್ಕೆಂದು ಬಳಿದ ಲೇಪ ರಸ್ತೆಯ ಕುಲುಕಾಟದಲ್ಲಿ, ಭೂಮಿಯ ಗಾಳಿಯಲ್ಲಿ, ಯಾರ ಕಣ್ಣಿಗೂ ಬೀಳದೆ ಸವೆದಿತ್ತು. ಸೆಕೆಂಡಿಗೆ 134 ಸಾವಿರ ಬಿಟ್ ಕಳಿಸಬೇಕಿದ್ದ ನೌಕೆ, ಚಿಕ್ಕ ಆಂಟೆನಾದಿಂದ ಹೆಚ್ಚೆಂದರೆ 160 ಬಿಟ್ ಕಳಿಸುತ್ತಾ 2003ರಲ್ಲಿ ಗುರುವಿನೊಳಗೆ ಬಿದ್ದು ಉರಿದುಹೋಗುವವರೆಗೂ ದುಡಿಯಿತು. ಆ ಕೊಡೆ ಕೊನೆಗೂ ಪೂರ್ತಿ ಬಿಚ್ಚಲೇ ಇಲ್ಲ.