ನೀಲಿ ಚುಕ್ಕೆ ಬಿದ್ದ ಬೆಕ್ಕು

ಬೆಕ್ಕಿನ ರಕ್ತದ ಕೆಲವು ಹನಿಗಳನ್ನು ಪರೀಕ್ಷೆಯ ಪುಟ್ಟ ಸಾಧನಕ್ಕೆ ಹಾಕಿ ಸುಮಾರು ಹತ್ತು ನಿಮಿಷ ಕಾದರೆ ಸಾಕು. ಬೆಕ್ಕುಗಳ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ವೈರಸ್ಸಾದ ಎಫ್‌ಐವಿಯ ಜಾಗದಲ್ಲಿ ನೀಲಿ ಚುಕ್ಕೆ ಮೂಡಿತೆಂದರೆ, ದತ್ತು ಪಡೆಯಲು ಬಂದವರು ಮಡಿಲಲ್ಲಿದ್ದ ಬೆಕ್ಕನ್ನು ಮೆಲ್ಲಗೆ ಕೆಳಗಿಳಿಸುತ್ತಾರೆ. ಅವರನ್ನು ದೂರಲಾಗದು. ಎಚ್‌ಐವಿಗೂ ಇದಕ್ಕೂ ಹೆಸರಿನಲ್ಲಿ ಒಂದೇ ಅಕ್ಷರದ ಅಂತರ.

ನಂಟೂ ನಿಜವೇ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಪೆಟಲೂಮಾದಲ್ಲಿ, ಒಟ್ಟಿಗೆ ಸಾಕಿದ್ದ ಬೆಕ್ಕುಗಳು ಒಂದಾದ ಮೇಲೊಂದು ಸೊರಗತೊಡಗಿದವು. ಬೆಕ್ಕುಗಳಿಗೆ ರಕ್ತ ಕ್ಯಾನ್ಸರ್ ತರಬಲ್ಲ ಲ್ಯುಕೇಮಿಯಾ ವೈರಸ್ ಇರಬಹುದೆಂದು ಹುಡುಕಿದರೆ ಅದಿರಲಿಲ್ಲ. 1986ರಲ್ಲಿ ಡೇವಿಸ್‌ನ ವಿಶ್ವವಿದ್ಯಾಲಯದ ನೀಲ್ಸ್ ಪೆಡರ್ಸನ್ ಮತ್ತು ಜಾನೆಟ್ ಯಮಮೊಟೊ ಅವುಗಳಲ್ಲಿ ಬೇರೊಂದು ವೈರಸ್ ಕಂಡರು. ಅದೇ ಎಫ್‌ಐವಿ. ಅದು ಎಚ್‌ಐವಿಯ ಹಾಗೆ ಲೆಂಟಿವೈರಸ್ ಕುಲದ್ದು. ಲ್ಯಾಟಿನ್‌ನಲ್ಲಿ 'ಲೆಂಟಸ್' ಎಂದರೆ ನಿಧಾನ. ರೋಗನಿರೋಧಕ ಕಣಗಳನ್ನು ಅದು ವರ್ಷಗಟ್ಟಲೆ ಸವೆಸುತ್ತದೆ. ಅಷ್ಟರಲ್ಲಿ ಎಷ್ಟೋ ಬೆಕ್ಕುಗಳು ಮುದಿಯಾಗಿ ಬೇರೆ ಕಾರಣಕ್ಕೇ ಸಾಯುತ್ತವೆ. ಮನುಷ್ಯರಿಗಂತೂ ಇದು ಅಂಟುವುದಿಲ್ಲ.

ಹರಡುವ ಮುಖ್ಯ ದಾರಿ ಆಳವಾದ ಕಡಿತ. ಎಲ್ಲೆಗಾಗಿ, ಹೆಣ್ಣಿಗಾಗಿ ರಾತ್ರಿಯಿಡೀ ಕಾದಾಡುವ, ಕೆನ್ನೆ ಉಬ್ಬಿದ, ಕಿವಿ ಹರಿದ ಗಂಡುಬೆಕ್ಕೇ ಇದರ ಮಾಮೂಲಿ ಗಿರಾಕಿ. ಒಂದೇ ತಟ್ಟೆಯಲ್ಲಿ ತಿಂದರೆ, ಪರಸ್ಪರ ಮೈ ನೆಕ್ಕಿದರೆ ತಗಲುವ ಸಂಭವ ತೀರಾ ಕಡಿಮೆ.

ಇನ್ನು ಆ ಚುಕ್ಕೆ. ಅದು ತೋರಿಸುವುದು ವೈರಸ್ಸನ್ನಲ್ಲ, ವೈರಸ್ಸಿನ ವಿರುದ್ಧ ದೇಹದಲ್ಲಿ ಹುಟ್ಟಿದ ರಕ್ಷಕ ಪ್ರೋಟೀನುಗಳನ್ನು, ಅಂದರೆ ಪ್ರತಿಕಾಯಗಳನ್ನು. ಸೋಂಕಿದ ತಾಯಿಯ ಹಾಲು ಕುಡಿದ ಮರಿಯಲ್ಲಿ ತಾಯಿಯ ಪ್ರತಿಕಾಯಗಳೇ ತೇಲುತ್ತಿರಬಹುದು. ಮರಿಗೆ ಏನೂ ಆಗಿರುವುದಿಲ್ಲ. ಆರು ತಿಂಗಳು ತುಂಬಿದ ಮೇಲೆ ಮತ್ತೆ ಪರೀಕ್ಷಿಸಿದರೆ ಅಂಥ ಮರಿಗಳಲ್ಲಿ ಚುಕ್ಕೆ ಮಾಯ. ಅಮೆರಿಕದಲ್ಲಿ 2002ರಲ್ಲಿ ಬಂದ ಲಸಿಕೆ ಗೊಂದಲವನ್ನು ಇನ್ನಷ್ಟು ಹೆಚ್ಚಿಸಿತ್ತು: ಲಸಿಕೆ ಪಡೆದ ಆರೋಗ್ಯವಂತ ಬೆಕ್ಕಿಗೂ ಚುಕ್ಕೆ! ಈಗ ಅಲ್ಲಿ ಆ ಲಸಿಕೆ ಮಾರಾಟದಲ್ಲಿಲ್ಲ. ಕೇವಲ ಒಂದು ಪರೀಕ್ಷೆ ನೋಡಿ ಬೆಕ್ಕಿಗೆ ದಯಾಮರಣ ಕೊಡುವುದು ನನ್ನ ದೃಷ್ಟಿಯಲ್ಲಿ ವೈದ್ಯವಲ್ಲ, ಆತುರ.

ಸೋಂಕು ಖಚಿತವಾದರೂ ಸಾಕುವುದು ಅಸಾಧ್ಯವೇನಲ್ಲ. ವೈರಸ್ಸನ್ನು ಹೊರದಬ್ಬುವ ಔಷಧ ಇಲ್ಲ, ಆದ್ದರಿಂದ ಬೇರೆ ಸೋಂಕುಗಳು ಒಳಬರದಂತೆ ಕಾಯಬೇಕು. ಸಂತಾನಹರಣ ಚಿಕಿತ್ಸೆ ಮಾಡಿಸಿ ಮನೆಯೊಳಗೇ ಇರಿಸಬೇಕು. ಹಸಿ ಮಾಂಸ, ಹಸಿ ಮೀನಿನ ತಲೆ ಬೇಡ, ಬೇಯಿಸಿದ್ದನ್ನೇ ಕೊಡಿ. ವರ್ಷಕ್ಕೆರಡು ಬಾರಿ ಪಶುವೈದ್ಯರು ತೂಕ ನೋಡಲಿ, ಬಾಯಿಯನ್ನಂತೂ ತಪ್ಪದೆ ನೋಡಲಿ. ಈ ಬೆಕ್ಕುಗಳನ್ನು ಹೆಚ್ಚು ಕಾಡುವುದು ವಸಡಿನ ಉರಿಯೂತ. ಹಸಿದು ತಟ್ಟೆಯ ಬಳಿ ಬಂದ ಬೆಕ್ಕು ಮೂಸಿ ಹಿಂದೆ ಸರಿದರೆ ಅದನ್ನು ಜಂಬವೆಂದುಕೊಳ್ಳಬೇಡಿ, ಬಾಯಿ ನೋಯುತ್ತಿರಬಹುದು.

ಮನೆಯಲ್ಲಿ ಮೊದಲೇ ಬೆಕ್ಕಿದ್ದರೆ ಹೊಸಬನನ್ನು ಕೆಲವು ದಿನ ಬೇರೆ ಕೋಣೆಯಲ್ಲಿಡಿ. ವಾಸನೆಯ ಪರಿಚಯವಾಗಲು ಒಬ್ಬರ ಹೊದಿಕೆ ಇನ್ನೊಬ್ಬರ ಹಾಸಿಗೆಗೆ ಬರಲಿ. ಬಾಗಿಲ ಸಂದಿಯ ಎರಡೂ ಕಡೆಯಿಂದ ಬುಸುಗುಟ್ಟುವುದು ನಿಂತ ಮೇಲೆ ಬಾಗಿಲು ತೆರೆಯಬಹುದು.